ಪತ್ತೇದಾರನ ಕೋಟು

"ಒಳಜೇಬು ಮೂರು ಇರಬೇಕು ಕಣಣ್ಣ. ಒಂದು ಟಾರ್ಚಿಗೆ, ಒಂದು ನೋಟ್‌ಬುಕ್ಕಿಗೆ. ಮೂರನೇದು ಮಾತ್ರ ನಿನಗೂ ನನಗೂ ಬಿಟ್ಟು ಇನ್ಯಾರಿಗೂ ಗೊತ್ತಾಗಬಾರದು."

1984ರ ಅಕ್ಟೋಬರ್. ಸಕಲೇಶಪುರದಲ್ಲಿ ಮಳೆ ಹಿಡಿತ ಬಿಟ್ಟಿತ್ತು, ಗೋಡೆಯ ಪಾಚಿ ಇನ್ನೂ ಒಣಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಹೊಲಿಗೆ ಅಂಗಡಿ ಹಾಕಿ ಎರಡು ವರ್ಷವಾಗಿತ್ತು. ಅಳತೆ ಕೊಡಲು ನಿಂತವರು ಹೆತ್ತೂರು ಕಡೆಯ ಒಂದು ಕಾಫಿ ತೋಟದ ರೈಟರು. ನಮ್ಮ ಸೀಮೆಯಲ್ಲಿ ತೋಟದ ಲೆಕ್ಕ ಬರೆಯುವವರನ್ನು ರೈಟರು ಅಂತಲೇ ಕರೆಯುವುದು. ಇಪ್ಪತ್ತೈದರ ಒಳಗಿನ ವಯಸ್ಸು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಕಂಕುಳಲ್ಲಿ ಎನ್. ನರಸಿಂಹಯ್ಯನವರದೊಂದು ಪತ್ತೇದಾರಿ ಕಾದಂಬರಿ. ಹೋದ ವರ್ಷ ಕುಯ್ಲಿನ ಹೊತ್ತಲ್ಲಿ ಕಣದಿಂದ ಕಾಫಿ ಮೂಟೆ ಕಾಣೆಯಾಗಿದ್ದವಂತೆ. ಈ ಸಲ ಕಳ್ಳನನ್ನು ತಾವೇ ಪತ್ತೆ ಮಾಡುತ್ತಾರಂತೆ. ಅದಕ್ಕೆ ಕೋಟು.

ಎದೆ 34, ತೋಳು 23. ಉದ್ದ ಎಷ್ಟು ಅಂದರೆ ಮಂಡಿಯ ಕೆಳಗೆ ಕೈ ತೋರಿಸಿದರು. ಅಷ್ಟುದ್ದ ಇಟ್ಟರೆ ಕಾಫಿ ಗಿಡದ ರೆಕ್ಕೆಗೆ ಸಿಕ್ಕಿಕೊಳ್ಳುತ್ತೆ ರೈಟ್ರೇ, ಓಡಕ್ಕಾಗಲ್ಲ ಅಂದೆ. ಪುಸ್ತಕ ತಿರುಗಿಸಿ ರಟ್ಟಿನ ಮೇಲಿದ್ದ ಚಿತ್ರ ತೋರಿಸಿದರು. ಹ್ಯಾಟು, ಉದ್ದ ಕೋಟು, ಕೈಯಲ್ಲಿ ಪಿಸ್ತೂಲು. "ಹಿಂಗೇ ಬೇಕು." ಮತ್ತೆ ಮಾತಾಡಲಿಲ್ಲ, ದಪ್ಪ ಖಾಕಿ ಡ್ರಿಲ್ ಬಟ್ಟೆಗೆ ಸೀಮೆಸುಣ್ಣ ಹಾಕಿದೆ.

ಆ ಕೋಟಿನ ಕಥೆ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಅಂಥ ಕೋಟು ಹಾಕಿಕೊಂಡು ಎಡವುತ್ತಾ ಎಡವುತ್ತಾ ಕಳ್ಳನನ್ನು ಹುಡುಕುವವರ ಸಿನಿಮಾಗಳ ಬಗ್ಗೆ ಹೇಳಬೇಕು. ಕಡಿಮೆ ದುಡ್ಡಿನಲ್ಲಿ ತೆಗೆದ, ಒಂದು ಹೊಡೆದಾಟ ಒಂದು ಕ್ಯಾಬರೆ ಒಂದಿಷ್ಟು ನಗೆ ತುಂಬಿ ಡೇರೆ ಟಾಕೀಸುಗಳಿಗೆ ಕಳಿಸಿದ ಸಿನಿಮಾಗಳು. ಪತ್ರಿಕೆಗಳಲ್ಲಿ ಅವುಗಳ ಬಗ್ಗೆ ಬರೆದವರು ಕಡಿಮೆ, ಬರೆದವರೂ ಕಸ ಅಂತ ಪಕ್ಕಕ್ಕೆ ಸರಿಸಿದರು. ನಲವತ್ತು ವರ್ಷ ಹೊಲಿದ ನಾನು ಅವುಗಳನ್ನು ಪಕ್ಕಕ್ಕೆ ಸರಿಸಲಾರೆ. ನನ್ನ ಕಸುಬಿನ ಅರ್ಧ ಬುದ್ಧಿ ಬಂದಿದ್ದು ಆ ಪರದೆಯಿಂದ.

ನನ್ನೂರು ಆಲೂರು ತಾಲ್ಲೂಕಿನಲ್ಲಿ, ಮಗ್ಗೆ ಕಡೆ. ಮಳೆಗಾಲ ಮುಗಿದು ಗದ್ದೆ ಕೊಯ್ದ ಮೇಲೆ ಟೂರಿಂಗ್ ಟಾಕೀಸ್ ಬರುತ್ತಿತ್ತು. ಜೂನ್ ಹತ್ತಿರ ಬಂದರೆ ಗಂಟುಮೂಟೆ ಕಟ್ಟುತ್ತಿತ್ತು, ನಮ್ಮ ಮಳೆಗೆ ಯಾವ ಡೇರೆ ತಾನೇ ನಿಂತೀತು? ನೆಲ, ಬೆಂಚು, ಕುರ್ಚಿ ಅಂತ ಮೂರು ಕ್ಲಾಸು. ಹೆಂಗಸರಿಗೆ ಬೇರೆ ಬದಿ, ನಡುವೆ ಮೊಳೆತ್ತರದ ಅಡ್ಡಗೋಡೆ. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತದೆ. ಎರಡೂಕಾಲು ಗಂಟೆಯ ಸಿನಿಮಾಕ್ಕೆ ಹದಿಮೂರು ರೀಲು ಮಾತು. ಆಪರೇಟರು ಕಾರ್ಬನ್ ಕಡ್ಡಿಗಳನ್ನು ಸರಿಮಾಡುತ್ತಾ, ರೀಲು ಸುತ್ತುತ್ತಾ ಬೆವರುವುದನ್ನು ನಾನು ಕಂಡಿಯ ಪಕ್ಕ ನಿಂತು ನೋಡುತ್ತಿದ್ದೆ. ಪತ್ತೇದಾರಿ ಸಿನಿಮಾ ಇದ್ದ ದಿನ ಆ ಬಿಡುವು ಬೇರೆ ಥರ. ಕಳ್ಳ ಯಾರು ಅಂತ ನೆಲದವರಿಗೂ ಕುರ್ಚಿಯವರಿಗೂ ವಾದ ಹತ್ತಿಕೊಳ್ಳುತ್ತಿತ್ತು. ಪ್ರೊಜೆಕ್ಟರ್ ಶಬ್ದ ಶುರುವಾದರೂ ಬಾಯಿ ನಿಲ್ಲುತ್ತಿರಲಿಲ್ಲ.

1968ರಲ್ಲಿ ಬಂದ 'ಜೇಡರ ಬಲೆ' ನಮ್ಮಲ್ಲಿಗೆ ತಲುಪಿದಾಗ ಪ್ರಿಂಟಿನ ತುಂಬ ಗೀರು. ದೊರೆ-ಭಗವಾನ್ ಜೋಡಿ ನಿರ್ದೇಶಿಸಿದ ಸಿನಿಮಾ, ಜೇಮ್ಸ್ ಬಾಂಡ್ ಮಾದರಿ ಕನ್ನಡಕ್ಕೆ ಬಂದದ್ದು ಅದರಿಂದ. ಭಕ್ತ ಕನಕದಾಸನಾಗಿ, ರಣಧೀರ ಕಂಠೀರವನಾಗಿ ನೋಡಿದ್ದ ರಾಜ್‌ಕುಮಾರ್ ಸೂಟು ಹಾಕಿ ಸಿಐಡಿ 999 ಆಗಿ ನಿಂತಾಗ ನಮ್ಮಪ್ಪ ಕೂತಲ್ಲೇ ಸ್ವಲ್ಪ ಹಿಂದಕ್ಕೆ ಸರಿದರು, ಗೌರವಕ್ಕೋ ಗಾಬರಿಗೋ. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999' ಬಂತು, ನಟಿ ಲಕ್ಷ್ಮಿಯವರ ಮೊದಲ ಕನ್ನಡ ಚಿತ್ರ. ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಮುಂದೆ ಹಿಂದಿಯಲ್ಲಿ ಮನೆಮಾತಾದ ರೇಖಾ ಅದರಲ್ಲಿ ನಾಯಕಿ. ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'.

ರಾಜ್ ಎಡವುವ ಪತ್ತೇದಾರ ಅಲ್ಲ. ಆ ಸಿನಿಮಾಗಳಲ್ಲಿ ಎಡವುವ ಕೆಲಸಕ್ಕೆ ಬೇರೆಯವರಿದ್ದರು. ನರಸಿಂಹರಾಜು ಪರದೆಗೆ ಬಂದರೆ ಡೇರೆಯೊಳಗೆ ನಗು ಮೊದಲು ಬರುತ್ತಿತ್ತು, ಮಾತು ಆಮೇಲೆ. ನಾಯಕ ಗುಂಡಿಗೆ ಎದೆ ಕೊಡುತ್ತಾನೆ, ಪಕ್ಕದವನು ಪೀಪಾಯಿಯ ಹಿಂದೆ ಅಡಗುತ್ತಾನೆ. ನೆಲದಲ್ಲಿ ಕೂತ ನಮಗೆಲ್ಲ ಒಂದು ವಿಷಯ ಒಳಗೊಳಗೇ ಗೊತ್ತಿತ್ತು: ಗುಂಡು ಹಾರಿದರೆ ನಾವೂ ಪೀಪಾಯಿಯ ಹಿಂದೆಯೇ. ಆ ಪಕ್ಕದವನನ್ನು ಎತ್ತಿ ನಡುವೆ ನಿಲ್ಲಿಸಿದರೆ ಹೇಗಿರುತ್ತದೆ?

ಹಾಗೆ ನಿಂತದ್ದು ದ್ವಾರಕೀಶ್. 1972ರ 'ಕುಳ್ಳ ಏಜೆಂಟ್ 000'. ಹುಣಸೂರಿನ ಹುಡುಗ, ಡಿಪ್ಲೊಮಾ ಓದಿ ಮೈಸೂರಿನಲ್ಲಿ ಅಣ್ಣನ ಜೊತೆ ಮೋಟಾರು ಬಿಡಿಭಾಗಗಳ ಅಂಗಡಿ ನಡೆಸಿದವರು, 1964ರಲ್ಲಿ ಸೋದರಮಾವ ಹುಣಸೂರು ಕೃಷ್ಣಮೂರ್ತಿಯವರ 'ವೀರ ಸಂಕಲ್ಪ'ದಿಂದ ಸಿನಿಮಾಕ್ಕೆ ಬಂದವರು. ಐದು ವರ್ಷದಲ್ಲಿ ರಾಜ್‌ಕುಮಾರರನ್ನೇ ನಾಯಕನಾಗಿಸಿ 'ಮೇಯರ್ ಮುತ್ತಣ್ಣ' ನಿರ್ಮಿಸಿದರು. ಆಮೇಲೆ ಕೆ.ಎಸ್.ಎಲ್. ಸ್ವಾಮಿಯವರ ನಿರ್ದೇಶನದಲ್ಲಿ ತಾವೇ ಏಜೆಂಟ್ ಆದರು. ಹೆಸರು ನೋಡಿ. ಬಾಂಡ್‌ನ ಸಂಖ್ಯೆಯಲ್ಲಿ ಎರಡು ಸೊನ್ನೆ ಆದ ಮೇಲೆ ಒಂದು ಏಳು ಇದೆ, ರಾಜ್‌ಗೆ ಮೂರೂ ಒಂಬತ್ತು. ಇವನಿಗೆ ಮೂರೂ ಸೊನ್ನೆ. ಬೀದಿಯಲ್ಲಿ ಜನ ಚುಚ್ಚಲು ಬಳಸುವ 'ಕುಳ್ಳ' ಎಂಬ ಮಾತನ್ನು ಒಬ್ಬ ನಟ ಪೋಸ್ಟರಿನ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಸಿಕೊಂಡ. ಮುಂದೆಯೂ ಬಿಡಲಿಲ್ಲ: 'ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ', 'ಕುಳ್ಳ ಕುಳ್ಳಿ', 'ಪ್ರಚಂಡ ಕುಳ್ಳ'. ನಮ್ಮೂರಿನಲ್ಲಿ ನನ್ನ ಜೊತೆ ಓದಿದ ಗಿಡ್ಡ ಹುಡುಗನೊಬ್ಬನಿದ್ದ. ಆ ಸಿನಿಮಾ ಬಂದು ಹೋದ ಮೇಲೆ ಯಾರಾದರೂ ಕುಳ್ಳ ಅಂದರೆ ಅವನು "ಏಜೆಂಟ್ ಸೇರಿಸ್ಕೊಂಡು ಕರೀರಿ" ಅನ್ನುತ್ತಿದ್ದ. ಒಂದು ಸಿನಿಮಾ ಇಷ್ಟು ಮಾಡಿದರೆ ನನಗೆ ಸಾಕು.

ಕಿಶೋರ್ ಕುಮಾರ್ ಕನ್ನಡ ಸಿನಿಮಾಕ್ಕೆ ಹಾಡಿದ ಒಂದೇ ಒಂದು ಹಾಡು ಇರುವುದೂ ಇದರಲ್ಲೇ, ರಾಜನ್-ನಾಗೇಂದ್ರ ಸಂಗೀತದಲ್ಲಿ. ಇಂದಿಗೂ ಮದುವೆ ಮನೆಯ ಆರ್ಕೆಸ್ಟ್ರಾದವರು ಅದನ್ನು ಬಿಡುವುದಿಲ್ಲ.

ದರ್ಜಿಯ ಕಣ್ಣಿಗೆ ಕಾಣುವ ಒಂದು ಸಂಗತಿ ಇಲ್ಲಿ ಹೇಳಬೇಕು. ಗಿಡ್ಡ ಆಳಿಗೆ ಕೋಟು ಹೊಲಿಯುವಾಗ ನಾವು ಏನು ಮಾಡುತ್ತೇವೆ? ಉದ್ದವನ್ನು ಅರ್ಧ ಇಂಚು ಕಮ್ಮಿ ಇಡುತ್ತೇವೆ, ಕಾಲು ಉದ್ದ ಕಾಣಲಿ ಅಂತ. ಜೇಬನ್ನು ಒಂದು ಬೆರಳು ಮೇಲಕ್ಕೆ ಏರಿಸುತ್ತೇವೆ. ಎದೆಯ ಮೇಲಿನ ಮಡಿಕೆ ತೆಳ್ಳಗೆ. ಅಂಗಿಯ ತುದಿ ಕಾಲಿಂಚು ಕಾಣುವಷ್ಟು ತೋಳು. ಇಷ್ಟು ಮಾಡಿದರೆ ನೋಡುವವರ ಕಣ್ಣು ಅವನ ಎತ್ತರ ಅಳೆಯುವುದನ್ನು ಮರೆಯುತ್ತದೆ. ಅದೇ ಆಳನ್ನು ನಗಿಸುವವನನ್ನಾಗಿ ಮಾಡಬೇಕೆ? ಎಲ್ಲ ತಿರುಗಿಸಿ. ಉದ್ದ ಮೂರು ಇಂಚು ಜಾಸ್ತಿ, ಜೇಬು ಕೆಳಗೆ, ತೋಳು ಬೆರಳ ಗಿಣ್ಣಿನವರೆಗೆ, ಭುಜಕ್ಕೆ ಕ್ಯಾನ್ವಾಸ್ ತುಂಬಿ ಅಗಲ. ನಟ ಬಾಯಿ ಬಿಡುವ ಮೊದಲೇ ಅರ್ಧ ನಗು ಹೊಲಿಗೆಯಲ್ಲಿ ಬಂದಿರುತ್ತದೆ. ಕಡಿಮೆ ದುಡ್ಡಿನ ಸಿನಿಮಾದಲ್ಲಿ ಉಡುಪು ಬಾಡಿಗೆಗೆ ತಂದದ್ದು, ಯಾರದೋ ಅಳತೆಯದು. ಎಷ್ಟೋ ಸಲ ಆ ಅಳತೆ ತಪ್ಪೇ ಹಾಸ್ಯಕ್ಕೆ ಒದಗುತ್ತಿತ್ತು. ನಾನು ಪರದೆಯ ಮೇಲೆ ಮೊದಲು ಕಲಿತ ಪಾಠ ಇದೇ, ಅಳತೆಯನ್ನು ಬೇಕೆಂದೇ ತಪ್ಪಿಸುವುದು.

ಇಂಥ ಸಿನಿಮಾಗಳಿಗೆ ದುಡ್ಡು ಯಾಕೆ ಕಡಿಮೆ ಸಾಕು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಪೌರಾಣಿಕಕ್ಕೆ ಅರಮನೆ ಬೇಕು, ಕಿರೀಟ ಬೇಕು. ಪತ್ತೇದಾರನಿಗೆ ಒಂದು ಕೋಟು, ಒಂದು ಭೂತಗನ್ನಡಿ, ಒಂದು ಜೀಪು, ಒಂದು ಹಳೇ ಬಂಗಲೆ. ಹಗಲಲ್ಲೇ ಫಿಲ್ಟರ್ ಹಾಕಿ ಚಿತ್ರೀಕರಿಸಿ ರಾತ್ರಿ ಅನ್ನಿಸುತ್ತಿದ್ದರು. ನಮ್ಮ ಆಪರೇಟರು ಅದನ್ನು ತೋರಿಸಿಕೊಟ್ಟಿದ್ದರು: "ನೋಡು, ರಾತ್ರಿ ಅಂತಾರೆ, ಮರದ ನೆರಳು ಕಾಲ ಕೆಳಗೆ ಬಿದ್ದಿದೆ." ಆಮೇಲೆ ನಾನು ಯಾವ ಸಿನಿಮಾ ನೋಡಿದರೂ ಮೊದಲು ನೆರಳು ನೋಡುತ್ತೇನೆ.

ಮತ್ತೆ ಕ್ಯಾಬರೆ. ಇದನ್ನು ಬಿಟ್ಟು ಹೋದರೆ ನಾನು ಸತ್ಯ ಬರೆದಂತಾಗುವುದಿಲ್ಲ. ಕಳ್ಳಸಾಗಣೆಯವನ ಅಡ್ಡೆ ಅಂದಮೇಲೆ ಕುಣಿತ ಇರಲೇಬೇಕು ಅಂತ ಒಂದು ಲೆಕ್ಕ ಆ ಕಾಲಕ್ಕೆ ಕೂತುಹೋಗಿತ್ತು. ಒಂದು ಸೆಟ್ಟು, ಒಂದೆರಡು ದಿನದ ಚಿತ್ರೀಕರಣ, ಆದರೆ ಹಂಚಿಕೆದಾರನಿಗೆ ಸಿನಿಮಾ ಮಾರುವಾಗ ತೋರಿಸುವ ಫೋಟೋ ಅದೇ. ಪೋಸ್ಟರಿನಲ್ಲಿ ನಾಯಕನಿಗಿಂತ ದೊಡ್ಡದಾಗಿ ಆ ಹೆಣ್ಣಿನ ಚಿತ್ರ, ಹೆಸರು ಮಾತ್ರ ಕೆಳಗೆ ಸಣ್ಣಗೆ, ಎಷ್ಟೋ ಸಲ ಅದೂ ಇಲ್ಲ. 'ಕುಳ್ಳ ಏಜೆಂಟ್'ನಲ್ಲಿದ್ದ ಜ್ಯೋತಿಲಕ್ಷ್ಮಿ, ಅವರ ತಂಗಿ ಜಯಮಾಲಿನಿ ದಕ್ಷಿಣದ ನಾಲ್ಕೂ ಭಾಷೆಯವರಿಗೆ ಗೊತ್ತಿದ್ದ ಮುಖಗಳು. ಜನ ಅವರನ್ನು ನೋಡಲು ಬಂದರು, ಹೊರಗೆ ಹೋಗಿ ಅವರನ್ನೇ ಹಳಿದರು. ಆ ಉಡುಪುಗಳನ್ನು ನಾನು ಹೊಲಿಗೆಯವನ ಕಣ್ಣಿನಿಂದ ನೋಡಿದ್ದೇನೆ. ಒಳಗೆ ಮೈಬಣ್ಣದ ಬಟ್ಟೆ, ಅದರ ಮೇಲೆ ಒಂದೊಂದಾಗಿ ಕೈಯಲ್ಲಿ ಕೂರಿಸಿದ ಚಮಕಿ, ಕುಣಿದರೆ ಹರಿಯದಂತೆ ಕಂಕುಳಲ್ಲಿ ಇಟ್ಟ ಹೆಚ್ಚುವರಿ ತುಂಡು. ಚಮಕಿಯ ಅಂಚು ಚರ್ಮ ಗೀರುತ್ತದೆ. ಅದನ್ನು ಹಾಕಿಕೊಂಡು ದೀಪದ ಕಾವಿನಲ್ಲಿ ದಿನವಿಡೀ ನಗುತ್ತಾ ಕುಣಿಯುವುದು ಸಣ್ಣ ಕೆಲಸವಲ್ಲ. ಜ್ಯೋತಿಲಕ್ಷ್ಮಿ 2016ರಲ್ಲಿ ತೀರಿಕೊಂಡರು. ಆ ಸಿನಿಮಾಗಳು ಅವರ ಬೆವರಿನ ಮೇಲೆ ಓಡಿದವು, ಅವರಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ನಮ್ಮ ಸಿನಿಮಾದಲ್ಲಿ ಖಾಸಗಿ ಪತ್ತೇದಾರ ಅಪರೂಪ, ಎಲ್ಲರೂ ಸಿಐಡಿಗಳೇ. ಅದಕ್ಕೂ ಕಾರಣವಿದೆ. ಖಾಸಗಿ ಪತ್ತೇದಾರಿಕೆ ನಮ್ಮ ದೇಶದಲ್ಲಿ ಕಾನೂನಿನ ಚೌಕಟ್ಟಿನೊಳಗೆ ಬಂದ ಕಸುಬೇ ಅಲ್ಲ. ಅದನ್ನು ನಿಯಂತ್ರಿಸಲು 2007ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಮಂಡನೆಯಾಯಿತು, ಕಾಯ್ದೆಯಾಗಲಿಲ್ಲ. ಹಳ್ಳಿಯವರ ಮನಸ್ಸಿನಲ್ಲಿ ಬೇರೆಯವರ ಮನೆ ವಿಚಾರ ಕೆದಕಲು ಸರ್ಕಾರದ ಚೀಟಿ ಬೇಕು. ಚೀಟಿ ಇಲ್ಲದೆ ಕೆದಕಿದರೆ ಅವನು ಪತ್ತೇದಾರನಲ್ಲ, ಚಾಡಿಕೋರ. ಹಾಗಾಗಿ ಸಿನಿಮಾದವರು ಕೊನೆಯ ರೀಲಿನಲ್ಲಿ ಜೇಬಿನಿಂದ ಒಂದು ಕಾರ್ಡು ತೆಗೆಸಿ 'ನಾನು ಸಿಐಡಿ' ಅನ್ನಿಸುತ್ತಿದ್ದರು, ಡೇರೆ ಕಿತ್ತುಹೋಗುವಂತೆ ಸಿಳ್ಳೆ.

ಪುಸ್ತಕದಲ್ಲಿ ಮಾತ್ರ ಪತ್ತೇದಾರರು ದಂಡಿಯಾಗಿದ್ದರು. ನನ್ನ ಅಂಗಡಿಯಲ್ಲಿ ಬಟ್ಟೆ ಇಡುವ ಕಪಾಟಿನ ಕೆಳಗಿನ ಅರೆಯಲ್ಲಿ ಬಾಡಿಗೆ ಪುಸ್ತಕ ಇಟ್ಟಿದ್ದೆ, ದಿನಕ್ಕೆ ನಾಲ್ಕಾಣೆ. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಇವರಿಗೆಲ್ಲ ನಮ್ಮ ಬೆಟ್ಟದ ತೋಟಗಳಲ್ಲಿ ಮನೆಮನೆಯಲ್ಲೂ ಪರಿಚಯಸ್ಥರಿದ್ದರು. ಕನ್ನಡದ ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ಕೂಡಿಸಿ ಓದಲು ಕಲಿತ ಮೇಸ್ತ್ರಿಯೊಬ್ಬರು ನನ್ನಲ್ಲಿಂದ ವಾರಕ್ಕೆ ಎರಡು ಒಯ್ಯುತ್ತಿದ್ದರು, ಕೊನೆಯ ಪುಟ ಮೊದಲು ಓದುವುದಿಲ್ಲ ಎಂದು ಆಣೆ ಮಾಡಿ. ರೈಟರು ಮೂರು ಒಯ್ಯುತ್ತಿದ್ದರು.

ಅವರ ಕೋಟಿಗೆ ಬರುತ್ತೇನೆ. ಡಿಸೆಂಬರ್ ನಡುವೆ ಒಂದು ದಿನ ಅಂಗಡಿಗೆ ಬಂದು ನನ್ನ ಹಳೇ ಟೇಪು ಕೇಳಿದರು. ಕಣದ ಬದಿಯ ಕೆಸರಿನಲ್ಲಿ ಹೆಜ್ಜೆ ಗುರುತು ಸಿಕ್ಕಿದೆ, ಅಳೆಯಬೇಕು. ಕೊಟ್ಟೆ. ಅದು ಬಟ್ಟೆಯ ಟೇಪು, ಎಳೆದು ಎಳೆದು ಅರ್ಧ ಇಂಚು ಹಿಗ್ಗಿತ್ತು. ನಾನು ಕತ್ತರಿಸುವಾಗ ಲೆಕ್ಕ ಸರಿಮಾಡಿಕೊಳ್ಳುತ್ತಿದ್ದೆ, ಅವರಿಗೆ ಹೇಳುವುದು ಮರೆತೆ. ಅವರು ಹನ್ನೆರಡು ಹೆಜ್ಜೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದು, ತೋಟದ ಆಳುಗಳಿರುವ ಲೈನ್ ಮನೆಗಳ ಮುಂದೆ ಬಿಟ್ಟಿದ್ದ ಚಪ್ಪಲಿಗಳನ್ನು ಒಂದೊಂದಾಗಿ ಅಳೆದರು. ಎಲ್ಲರದ್ದೂ ಒಂದೇ ಸಂತೆಯಲ್ಲಿ ಕೊಂಡ ಹವಾಯಿ ಚಪ್ಪಲಿ. ಏಳು ಜನರ ಪಾದ ಹೊಂದಿಕೆಯಾಯಿತು, ಅದರಲ್ಲಿ ಒಬ್ಬರು ಸ್ವತಃ ರೈಟರು. ಆಮೇಲೆ ರಾತ್ರಿ ಕಾವಲು. ಮಂಜಿನಲ್ಲಿ ಡ್ರಿಲ್ ಬಟ್ಟೆ ನೆನೆದರೆ ಮೂರು ದಿನ ಒಣಗುವುದಿಲ್ಲ. ಹತ್ತು ರಾತ್ರಿ ಹಸಿ ಕೋಟಿನಲ್ಲಿ ಟಾರ್ಚು ಹಿಡಿದು ಕೂತರು. ಹಂದಿ ಬಂತು, ಮುಳ್ಳುಹಂದಿ ಬಂತು. ಒಂದು ರಾತ್ರಿ ಆನೆ ಲದ್ದಿಯ ವಾಸನೆ ಬಂದು ಬೆಳಗಿನವರೆಗೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಅಟ್ಟದಲ್ಲಿ ಕಳೆದರು. ಕಳ್ಳ ಬರಲಿಲ್ಲ. ಮೂಟೆ ಮಾತ್ರ ಇನ್ನೊಂದು ಹೋಯಿತು.

ಹನ್ನೊಂದನೆಯ ಬೆಳಗ್ಗೆ ಲೈನಿನ ಅಜ್ಜಿಯೊಬ್ಬರು ಬಿಸಿ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತರಂತೆ. "ಹತ್ ದಿನದಿಂದ ಚಳೀಲಿ ಸಾಯ್ತಿದ್ದೀರಲ್ಲ ರೈಟ್ರೇ, ಒಂದ್ ಮಾತ್ ನಮ್ಮನ್ನ ಕೇಳಬಾರ್ದಾಗಿತ್ತಾ?" ಯಾರು ಅಂತ ಇಡೀ ಲೈನಿಗೆ ಮೊದಲ ದಿನದಿಂದ ಗೊತ್ತಿತ್ತು. ಹೆಂಡತಿಗೆ ಮಂಗಳೂರಿನಲ್ಲಿ ಆಪರೇಷನ್ ಮಾಡಿಸಬೇಕಿದ್ದ ಒಬ್ಬ ಆಳು. ರೈಟರು ಆ ದಿನ ನೋಟ್‌ಬುಕ್ಕಿನ ಆ ಹಾಳೆ ಹರಿದು ಒಲೆಗೆ ಹಾಕಿದರು. ಸಾಹುಕಾರರ ಹತ್ತಿರ ಹೋಗಿ ಕೂತು ಮಾತಾಡಿ, ಹೋದ ಮೂಟೆಗಳ ಬೆಲೆಯನ್ನು ಮುಂಗಡ ಅಂತ ಬರೆಸಿ, ವಾರವಾರ ಬಟವಾಡೆಯಲ್ಲಿ ಮುರಿದುಕೊಳ್ಳುವ ಏರ್ಪಾಡು ಮಾಡಿಸಿದರು. ಟೇಪು ವಾಪಸು ಕೊಡಲು ಬಂದಾಗ ಇದನ್ನೆಲ್ಲ ಹೇಳಿ, "ಕೇಸು ಸೋತೆ ಕಣಣ್ಣ" ಅಂದರು. ಮುಖ ಸೋತವರ ಥರ ಇರಲಿಲ್ಲ.

ಬೆಟ್ಟದ ಊರುಗಳಲ್ಲಿ ಮನೆಗೂ ಮನೆಗೂ ಒಂದು ಮೈಲಿ ದೂರ, ಸುದ್ದಿಗೆ ಮಾತ್ರ ದೂರವೇ ಇಲ್ಲ. ಯಾರ ಮನೆಯಲ್ಲಿ ಯಾವ ಹೊತ್ತಿಗೆ ಹೊಗೆ ಎದ್ದಿತು ಎನ್ನುವುದು ಆಚೆ ಗುಡ್ಡದವರಿಗೆ ಗೊತ್ತಿರುತ್ತದೆ. ಇಂಥಲ್ಲಿ ಪತ್ತೇದಾರ ಅಂದರೆ ಎಲ್ಲರಿಗಿಂತ ಕೊನೆಗೆ ವಿಷಯ ತಿಳಿಯುವವನು. ಅವನನ್ನು ನೋಡಿ ನಾವು ನಗುತ್ತೇವೆ, ನಿಜ. ಆ ನಗುವಿನಲ್ಲಿ ತಿರಸ್ಕಾರ ಇಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಣ, ನಮ್ಮ ಕೆಸರು, ನಮ್ಮ ಚಪ್ಪಲಿ ಇವುಗಳಲ್ಲಿ ಪುಸ್ತಕದಷ್ಟು ದೊಡ್ಡ ಕಥೆ ಅಡಗಿದೆ ಅಂತ ನಂಬಿ ರಾತ್ರಿಯಿಡೀ ಕೂತವನು ಅವನೊಬ್ಬನೇ ಅಲ್ಲವೇ? ಚಿಕ್ಕವರಿದ್ದಾಗ ನಾವೂ ಮಂಜರಾಬಾದ್ ಕೋಟೆಗೆ ಹತ್ತಿ, ಟಿಪ್ಪು 1792ರಲ್ಲಿ ಕಟ್ಟಿಸಿದ ಆ ನಕ್ಷತ್ರದಾಕಾರದ ಗೋಡೆಗಳೊಳಗೆ, ಮದ್ದಿನ ಮನೆಯ ಕತ್ತಲಲ್ಲಿ ಸುರಂಗ ಹುಡುಕಿದವರೇ. ಬಾವಲಿ ಬಿಟ್ಟು ಏನೂ ಸಿಗಲಿಲ್ಲ, ಮುಂದಿನ ಭಾನುವಾರ ಮತ್ತೆ ಹೋದೆವು.

ಇದು ನಮ್ಮಲ್ಲಿ ಮಾತ್ರ ಇರುವುದಲ್ಲ. ಪಕ್ಕದ ಟೀ ಅಂಗಡಿಯ ಮಲಯಾಳಿ ಕಾಕ ಒಮ್ಮೆ ವಿಸಿಆರ್ ಬಾಡಿಗೆಗೆ ತಂದು 'ನಾಡೋಡಿಕ್ಕಾಟ್ಟು' ಹಾಕಿದರು. 1987ರದು, ಸತ್ಯನ್ ಅಂತಿಕ್ಕಾಡ್ ನಿರ್ದೇಶನ. ದುಬೈಗೆ ಅಂತ ದೋಣಿ ಹತ್ತಿದ ಇಬ್ಬರು ನಿರುದ್ಯೋಗಿಗಳು ಮದ್ರಾಸಿನ ಕಡಲತೀರದಲ್ಲಿ ಇಳಿಯುತ್ತಾರೆ. ಕಳ್ಳಸಾಗಣೆಯವರು ಅವರನ್ನು ಸಿಐಡಿಗಳೆಂದು ತಿಳಿದು ನಡುಗುತ್ತಾರೆ. ಭಾಷೆ ಅರ್ಧ ಅರ್ಥವಾಯಿತು, ನಗು ಪೂರ್ತಿ. ಮುಂದಿನ ಭಾಗದಲ್ಲಿ ಆ ಮೋಹನ್‌ಲಾಲ್, ಶ್ರೀನಿವಾಸನ್ ಜೋಡಿ ನಿಜವಾಗಿಯೂ ಸಿಐಡಿ ಆಗಿಬಿಡುತ್ತದೆ. 'ನಾಡೋಡಿಕ್ಕಾಟ್ಟು'ಗೆ ಒಂದು ವರ್ಷ ಮೊದಲು ತೆಲುಗಿನಲ್ಲಿ ಜಂಧ್ಯಾಲರು ಚಿರಂಜೀವಿಯಂಥ ನಾಯಕನನ್ನೇ 'ಚಂಟಬ್ಬಾಯಿ'ಯಲ್ಲಿ ಪೆದ್ದು ಪತ್ತೇದಾರನನ್ನಾಗಿ ಮಾಡಿದ್ದರು. ಹಿಂದಿಯಲ್ಲಿ 1975ರ 'ದೋ ಜಾಸೂಸ್', ವಯಸ್ಸಾಗಿ ಮೈ ಬಂದ ರಾಜ್ ಕಪೂರ್ ಮತ್ತು ರಾಜೇಂದ್ರ ಕುಮಾರ್.

ಎಲ್ಲಕ್ಕಿಂತ ನನ್ನ ಎದೆಗೆ ಹತ್ತಿರವಾದದ್ದು ಮಾತೇ ಇಲ್ಲದ ಒಂದು ಸಿನಿಮಾ, ಬಸ್ಟರ್ ಕೀಟನ್‌ರ 'ಷರ್ಲಾಕ್ ಜೂನಿಯರ್'. 1924ರದು, ಮುಕ್ಕಾಲು ಗಂಟೆಯದು. ಮಗಳು ಫೋನಿನಲ್ಲಿ ತೋರಿಸಿದಳು. ಅದರ ನಾಯಕ ಟಾಕೀಸಿನ ಆಪರೇಟರು! ಪತ್ತೇದಾರನಾಗುವುದು ಹೇಗೆ ಎಂಬ ಪುಸ್ತಕ ಓದುವವನು ಪ್ರೊಜೆಕ್ಟರ್ ಪಕ್ಕದಲ್ಲೇ ನಿದ್ದೆ ಹೋಗುತ್ತಾನೆ, ಕನಸಿನಲ್ಲಿ ಪರದೆಯೊಳಗೆ ನಡೆದು ಹೋಗಿ ಮಹಾ ಪತ್ತೇದಾರನಾಗುತ್ತಾನೆ. ಎಚ್ಚರದಲ್ಲಿ ಮಾತ್ರ ಕೇಸನ್ನು ಬಿಡಿಸುವವಳು ಅವನು ಪ್ರೀತಿಸಿದ ಹುಡುಗಿ. ಗಿರವಿ ಅಂಗಡಿಗೆ ಹೋಗಿ ನೆಟ್ಟಗೆ ಒಂದು ಪ್ರಶ್ನೆ ಕೇಳುತ್ತಾಳೆ, ಅಷ್ಟೇ. ಬಿಸಿ ಕಾಫಿ ತಂದ ಲೈನಿನ ಅಜ್ಜಿ ನನಗೆ ನೆನಪಾದರು.

2019ರ ಫೆಬ್ರವರಿ 15ಕ್ಕೆ 'ಬೆಲ್ ಬಾಟಮ್' ಬಿಡುಗಡೆಯಾದಾಗ ಹಾಸನಕ್ಕೆ ಹೋಗಿ ನೋಡಿದೆ. ಹೆಸರೇ ನನ್ನನ್ನು ಕರೆದಿತ್ತು. ಟಿ.ಕೆ. ದಯಾನಂದ್ ಅವರ ಕಥೆ, ಜಯತೀರ್ಥ ನಿರ್ದೇಶನ, ದಿವಾಕರನಾಗಿ ರಿಷಬ್ ಶೆಟ್ಟಿ. ಪತ್ತೇದಾರಿ ಕಾದಂಬರಿ ಓದಿ ಓದಿ ಪತ್ತೇದಾರನಾಗಬೇಕೆಂದು ಕನಸು ಕಂಡವನು, ಅಪ್ಪನ ಒತ್ತಾಯಕ್ಕೆ ಪೊಲೀಸ್ ಕಾನ್‌ಸ್ಟೇಬಲ್ ಆಗುತ್ತಾನೆ. ಪೊಲೀಸ್ ಠಾಣೆಗಳ ಒಳಗಿಂದಲೇ ಮಾಲು ಕಾಣೆಯಾಗತೊಡಗುತ್ತದೆ. ಕಳ್ಳಭಟ್ಟಿ ಮಾರುವ ಕುಸುಮಾಳಾಗಿ ಹರಿಪ್ರಿಯಾ. ಕಳ್ಳ ಹೇಗೆ ಕದ್ದ ಅನ್ನುವುದನ್ನು ನಾನು ಹೇಳುವುದಿಲ್ಲ, ನೋಡದವರು ನೋಡಬೇಕು. ಎಂಬತ್ತರ ದಶಕದ ಕಥೆ ಅದು. ಅಬ್ಬರದ ಸೆಟ್ಟಿಲ್ಲ, ಇರುವುದು ಠಾಣೆ, ಬೀದಿ, ಹಳೇ ಮನೆ, ಮತ್ತೆ ಬಟ್ಟೆ. ಅದೇ ವರ್ಷ ಜೂನ್‌ನಲ್ಲಿ ತೆಲುಗಿನಲ್ಲಿ ನೆಲ್ಲೂರಿನ ಪತ್ತೇದಾರನ 'ಏಜೆಂಟ್ ಸಾಯಿ ಶ್ರೀನಿವಾಸ ಆತ್ರೇಯ' ಬಂತು. ಅವನಿಗೆ ಸಿನಿಮಾ ನೋಡಿದ ಹುಚ್ಚು, ನಮ್ಮವನಿಗೆ ಪುಸ್ತಕ ಓದಿದ ಹುಚ್ಚು. ನನ್ನ ಮಟ್ಟಿಗೆ ದಿವಾಕರ ಹೆಚ್ಚು ಹತ್ತಿರ. ಅವನಂಥವರ ಬೆರಳಿನ ಎಣ್ಣೆ ಗುರುತು ನನ್ನ ಬಾಡಿಗೆ ಪುಸ್ತಕಗಳ ಪುಟಗಳಲ್ಲಿ ಇನ್ನೂ ಇದೆ.

ಸಿನಿಮಾ ನೋಡುತ್ತಾ ನನ್ನ ಕಣ್ಣು ಅವನ ಪ್ಯಾಂಟಿನ ಅಂಚಿನಲ್ಲೇ ಇತ್ತು. ಬೆಲ್ ಬಾಟಮ್ ಅಂದರೆ ಬರೀ ಅಗಲ ಬಿಡುವುದಲ್ಲ. ತೊಡೆ ಬಿಗಿ, ಮಂಡಿ 17 ಇಂಚು, ಅಲ್ಲಿಂದ ಕೆಳಗೆ ಬಾಗಿದ ಗೆರೆಯಲ್ಲಿ ಇಳಿದು ಬಾಟಮ್ 26. ಮಂಡಿಯ ಗುರುತು ಎರಡು ಇಂಚು ಕೆಳಗೆ ಬಿದ್ದರೂ ಪ್ಯಾಂಟು ಲಂಗದ ಥರ ಕಾಣುತ್ತದೆ. ಅಂಚು ನೆಲ ಉಜ್ಜಿ ಸವೆಯಬಾರದೆಂದು ಒಳಗಡೆ ಹಿತ್ತಾಳೆ ಜಿಪ್ಪು ಸುತ್ತ ಹೊಲಿಯುತ್ತಿದ್ದೆವು. ನಡೆದರೆ ಸಣ್ಣಗೆ ಕಿಣಿಕಿಣಿ. ಅಂಥ ಪ್ಯಾಂಟು ಹಾಕಿಕೊಂಡು ಕಳ್ಳನ ಹಿಂದೆ ಸದ್ದಿಲ್ಲದೆ ಹೋಗುವುದು ಆಗದ ಮಾತು. ಪತ್ತೇದಾರನಿಗೆ ಅದನ್ನು ಹಾಕಿಸಿದವರಿಗೆ ಆ ಕಾಲ ಚೆನ್ನಾಗಿ ಗೊತ್ತು ಅಂದುಕೊಂಡೆ.

ಆಮೇಲಿನ ಎರಡು ಮೂರು ತಿಂಗಳು ಕಾಲೇಜು ಹುಡುಗರು ವಾರ್ಷಿಕೋತ್ಸವಕ್ಕೆ ಅಂಥ ಪ್ಯಾಂಟು ಬೇಕೆಂದು ಬಂದರು. ಅಟ್ಟದಿಂದ ಹಳೇ ಪೇಪರ್ ಕಟಿಂಗ್ ಇಳಿಸಿದೆ. ಗೆದ್ದಲು ಒಂದು ಮೂಲೆ ಮಾತ್ರ ತಿಂದಿತ್ತು.

ಕಳೆದ ಡಿಸೆಂಬರಿನಲ್ಲಿ ರೈಟರು ಬಂದರು. ಕೆಲಸ ಬಿಟ್ಟು ಹತ್ತು ವರ್ಷವಾಯಿತು, ಈಗ ಆಲೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಜೊತೆಗೆ ಸೊಸೆ, ಎಂಟು ವರ್ಷದ ಮೊಮ್ಮಗ, ಚೀಲದಲ್ಲಿ ಖಾಕಿ ಕೋಟು. ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ, ಹುಡುಗ ಪತ್ತೇದಾರನಂತೆ. ಕೋಟನ್ನು ಮೇಜಿನ ಮೇಲೆ ಹರಡಿದೆ. ಕಾಲರಿನಲ್ಲಿ ಬೂಷ್ಟು ಹಿಡಿದಿತ್ತು, ಮೊಣಕೈ ಸವೆದಿತ್ತು. ಮೂರನೇ ಜೇಬಿನ ಹೊಲಿಗೆ ಒಂದೆಳೆಯೂ ಬಿಟ್ಟಿರಲಿಲ್ಲ. ಹುಡುಗನಿಗೆ ತೊಡಿಸಿದರೆ ನೆಲಕ್ಕೆ ತಾಗುತ್ತಿತ್ತು, ಕೈ ಎಲ್ಲೋ ಒಳಗೆ ಕಾಣೆ. ಅವನ ಅಮ್ಮ ಬಾಗಿಲಲ್ಲಿ ನಿಂತು ನಗುತ್ತಾ, "ಹಿಂಗೇ ಇರ್ಲಿ ಬಿಡಿ ಮಾವ, ಸ್ಟೇಜ್ ಮೇಲೆ ಎಲ್ಲರೂ ನಗ್ತಾರೆ, ಪ್ರೈಜ್ ಬರುತ್ತೆ" ಅಂದರು.

ರೈಟರು ನನ್ನ ಮುಖ ನೋಡಿದರು. ನಾನು ಹುಡುಗನನ್ನು ಕೇಳಿದೆ.

"ಸರಿಯಾಗಿ ಹೊಲೀರಿ ತಾತ," ಅಂದ. "ಓಡಕ್ಕೆ ಬರ್ಬೇಕು."

ಹೊಸ ಟೇಪು ತೆಗೆದು ಎದೆಗೆ ಹಿಡಿದೆ. 25. ಉದ್ದ ಸೊಂಟದಿಂದ ಒಂದು ಗೇಣು ಕೆಳಗೆ, ಜೇಬು ಒಂದು ಬೆರಳು ಮೇಲೆ. ಮೂರನೇ ಜೇಬನ್ನು ಬಿಚ್ಚಿ ಮತ್ತೆ ಸಣ್ಣದಾಗಿ ಹಾಕಬೇಕಿತ್ತು, ಹುಡುಗ ಅದು ಎಲ್ಲಿ ಬರುತ್ತೆ ಅಂತ ಕಿವಿಯಲ್ಲಿ ಹೇಳಲು ಹೇಳಿದ. ಹೇಳಿದೆ.